ಓಣಿಗೊಂದು ಬಾಟಲಿ

ಮಾರ್ಚ್ ಕಳೆದು ಬಿಸಿಲು ಏರುವ ಹೊತ್ತಿಗೆ ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರದ ಹಳ್ಳಿಗಳಲ್ಲಿ ಕೋಳಿ ಸಾಯುವ ಸುದ್ದಿ ಶುರುವಾಗುತ್ತದೆ. ಒಂದು ಮನೆಯಲ್ಲಿ ಎರಡು ಕೋಳಿ ಮಂಕಾದರೆ ಸಾಕು, "ಬ್ಯಾನಿ ಬಂದದ, ಜೀವ ಇರೂದ್ರಾಗ ಮಾರಿ ಬಿಡ್ರಿ" ಎಂಬ ಮಾತು ಓಣಿ ತುಂಬ ಓಡಾಡುತ್ತದೆ. ಮಾರುವವರದು ತಪ್ಪೆನ್ನಲಾಗದು. ನಾಳೆ ಸಾಯುವ ಹುಂಜಕ್ಕೆ ಇವತ್ತು ನೂರಿನ್ನೂರು ರೂಪಾಯಿ ಬಂದರೆ ಯಾರು ಬೇಡವೆನ್ನುತ್ತಾರೆ? ಆದರೆ ಕೆಂಭಾವಿ ಸಂತೆಯಲ್ಲಿ ಹೀಗೆ ಕೈ ಬದಲಾಯಿಸಿದ ಹುಂಜ ಭೀಮೆಯ ದಂಡೆಯ ಯಾವುದೋ ಊರಿಗೆ ರೋಗವನ್ನು ಹೊತ್ತೊಯ್ಯುತ್ತದೆ. ಬೀಗರ ಮನೆಗೆ ಪ್ರೀತಿಯಿಂದ ಕಳಿಸಿದ ಹೇಂಟೆಯೂ ಅದೇ ಕೆಲಸ ಮಾಡುತ್ತದೆ.

ಈ ಭಾಗದಲ್ಲಿ ಜವಾರಿ ಕೋಳಿ ಹೆಂಗಸರ ಬದುಕು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿಯುವಲ್ಲಿ ಭತ್ತ, ಹರಿಯದಲ್ಲಿ ತೊಗರಿ, ಹತ್ತಿ; ಸುಗ್ಗಿ ಮುಗಿದರೆ ಹರೆಯದವರು ಬೆಂಗಳೂರಿಗೋ ಮುಂಬೈಗೋ ಗುಳೆ. ಮನೆ ಕಾಯುವ ಮುದುಕಿಯ ಕೈಯಲ್ಲಿ ಉಳಿಯುವುದು ಆರೆಂಟು ಕೋಳಿ, ಒಂದೆರಡು ಆಡು. ಜವಾರಿ ಹೇಂಟೆ ವರ್ಷಕ್ಕೆ ಐವತ್ತು ಅರವತ್ತು ತತ್ತಿ ಇಟ್ಟರೆ ಹೆಚ್ಚು. ತಿಪ್ಪೆ ಕೆದರಿ, ಜೋಳದ ನುಚ್ಚು ತಿಂದು ಬೆಳೆಯುವ ಅದಕ್ಕೆ ಖರ್ಚಿಲ್ಲ. ಖರ್ಚಿಲ್ಲದ ಪ್ರಾಣಿಗೆ ಔಷಧಿಗೆಂದು ದುಡ್ಡು ಬಿಚ್ಚುವ ರೂಢಿಯೂ ಇಲ್ಲ. ಎತ್ತು ಮೇವು ಬಿಟ್ಟರೆ ದನದ ದವಾಖಾನೆಗೆ ಓಡುವವರು ಕೋಳಿ ತೂಕಡಿಸಿದರೆ ಓಡುವುದಿಲ್ಲ.

ಬೇಸಿಗೆಯ ಈ ಬೇನೆ ಬಹುತೇಕ ಕೊಕ್ಕರೆ ರೋಗವೇ. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ 1926ರಲ್ಲಿ ಗುರುತಿಸಿದ ಈ ವೈರಸ್ ರೋಗವನ್ನು ಅದಾದ ಸ್ವಲ್ಪದರಲ್ಲೇ ಕುಮಾವೂಂ ಬೆಟ್ಟದ ರಾಣಿಖೇತದಲ್ಲಿಯೂ ಕಂಡರು. ಪಶುವೈದ್ಯರು ಇಂದಿಗೂ ರಾಣಿಖೇತ್ ಎಂದೇ ಬರೆಯುತ್ತಾರೆ. ಹಸಿರು ಬೆರೆತ ಬಿಳಿ ಹಿಕ್ಕೆ, ಬಾಯಿ ತೆರೆದು ಎಳೆಯುವ ಉಸಿರು, ಜೋತ ರೆಕ್ಕೆ. ಬದುಕುಳಿದದ್ದರ ಕುತ್ತಿಗೆ ತಿರುಚಿಕೊಂಡು, ಕಾಳಿಗೆ ಕೊಕ್ಕಿನ ಗುರಿ ಸಿಗುವುದಿಲ್ಲ. ಮೆಡಿಕಲ್ ಅಂಗಡಿಯಿಂದ ಮನುಷ್ಯರ ಕ್ಯಾಪ್ಸೂಲ್ ತಂದು ಬಿಚ್ಚಿ ನೀರಿಗೆ ಕಲಸುವುದನ್ನು ಎಲ್ಲ ಕಡೆ ಕಾಣಬಹುದು. ಆಂಟಿಬಯಾಟಿಕ್‌ಗೆ ವೈರಸ್ ಬಗ್ಗುವುದಿಲ್ಲ. ಬಂದ ಮೇಲೆ ಮದ್ದಿಲ್ಲ, ಬರುವ ಮೊದಲು ಲಸಿಕೆಯೊಂದೇ ದಾರಿ.

ಲಸಿಕೆ ಹೊಸದಲ್ಲ, ದುಬಾರಿಯೂ ಅಲ್ಲ. ಬೆಂಗಳೂರಿನ ಹೆಬ್ಬಾಳದ ಪಶು ಜೈವಿಕ ಸಂಸ್ಥೆಯಲ್ಲೇ ತಯಾರಾಗುತ್ತದೆ. ಮರಿಗೆ ಐದರಿಂದ ಏಳು ದಿನವಾದಾಗ ಎಫ್-1 ಅಥವಾ ಲಸೋಟದ ಒಂದು ಹನಿ ಕಣ್ಣಿಗೆ, ಎಂಟು ವಾರ ತುಂಬಿದ ಮೇಲೆ ಆರ್‌2ಬಿ ಚುಚ್ಚುಮದ್ದು ರೆಕ್ಕೆಯ ಕೆಳಗೆ. ಆರ್‌2ಬಿಗೆ ವಾರ ಮುಂಚೆ ಜಂತುಹುಳದ ಔಷಧಿ ಕುಡಿಸಿದರೆ ಲಸಿಕೆ ಚೆನ್ನಾಗಿ ಹಿಡಿಯುತ್ತದೆ. ಇಷ್ಟು ಸರಳವಾದದ್ದು ಹಳ್ಳಿಗೆ ಯಾಕೆ ತಲುಪುವುದಿಲ್ಲ ಎಂದರೆ, ನನ್ನ ಲೆಕ್ಕದಲ್ಲಿ ಅಡ್ಡಿ ಅಜ್ಞಾನವಲ್ಲ, ಬಾಟಲಿ. ಸಾಮಾನ್ಯವಾಗಿ ಸಿಗುವ ಸಣ್ಣ ಬಾಟಲಿಯೇ ನೂರು ಕೋಳಿಯದು. ಒಣಪುಡಿಯ ಬಿಲ್ಲೆಗೆ ದ್ರಾವಣ ಬೆರೆಸಿದರೆ ಒಂದೆರಡು ತಾಸಿನೊಳಗೆ ಮುಗಿಸಬೇಕು; ಅಲ್ಲಿಯವರೆಗೂ ಮಂಜುಗಡ್ಡೆಯಲ್ಲಿರಬೇಕು. ಏಳು ಕೋಳಿಯ ಮನೆಗೆ ನೂರರ ಬಾಟಲಿ ಯಾಕೆ? ಸಾವಿರ ಕೋಳಿಯ ಫಾರಂ ಕಣ್ಣ ಮುಂದಿಟ್ಟುಕೊಂಡು ಕಟ್ಟಿದ ವ್ಯವಸ್ಥೆ ಇದು. ಹಿತ್ತಲು ಅದಕ್ಕೆ ಕಾಣುವುದೇ ಇಲ್ಲ.

ಒಂದು ಹಿತ್ತಲಿಗೆ ಆಗದ್ದು ಓಣಿಗೆ ಆಗುತ್ತದೆ. ಮನೆಗೆ ಏಳರಂತೆ ಹದಿನಾಲ್ಕು ಮನೆ ಸೇರಿದರೆ ತೊಂಬತ್ತೆಂಟು ಕೋಳಿ, ಬಾಟಲಿ ಖಾಲಿ. ಪಶು ಸಖಿಯರು, ಸ್ವಸಹಾಯ ಗುಂಪುಗಳು ಇರುವ ಊರುಗಳಲ್ಲಿ ಇದು ಆಗದ ಮಾತೇನಲ್ಲ. ಸುರಪುರ ತಾಲ್ಲೂಕಿನ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಇರುವುದೂ ಇಂಥ ಸಲಹೆಗೇ. ಹೊತ್ತು ಮಾತ್ರ ಸರಿ ಇರಬೇಕು: ಬೆಳಗಿನ ಆರಕ್ಕೆ, ಗೂಡಿನ ಬಾಗಿಲು ತೆಗೆಯುವ ಮೊದಲು. ಬಿಟ್ಟ ಕೋಳಿಯನ್ನು ಹಿಡಿಯಲು ಹೋದವರಿಗೆ ಎರಡು ತಾಸು ಅದರಲ್ಲೇ ಹೋಗುತ್ತದೆ. ಒಬ್ಬರು ಮರಿಯನ್ನು ಅಂಗೈಯಲ್ಲಿ ಮಗ್ಗುಲಾಗಿ ಹಿಡಿಯಬೇಕು, ಇನ್ನೊಬ್ಬರು ಹನಿ ಬಿಡಬೇಕು. ಹನಿ ಕಣ್ಣಿನ ಮೇಲೆ ಗುಂಡಗೆ ನಿಂತು, ಮರಿ ರೆಪ್ಪೆ ಬಡಿದಾಗ ಒಳಗಿಳಿಯುತ್ತದೆ. ಅಷ್ಟರವರೆಗೆ ಕೈ ಬಿಡಬಾರದು. ಅವಸರಕ್ಕೆ ಬಿಟ್ಟರೆ ಮರಿ ತಲೆ ಕೊಡವುತ್ತದೆ, ಲಸಿಕೆ ನೆಲದ ಪಾಲು. ಮಂಕಾದ ಕೋಳಿಗೆ ಹಾಕಬಾರದು. ಹಾಕಿದ ಮೇಲೆ ಸತ್ತರೆ ಮುಂದಿನ ಸಲ ಯಾರೂ ಬಾಗಿಲು ತೆರೆಯುವುದಿಲ್ಲ.

ಮಂಜುಗಡ್ಡೆಯ ತಾಪತ್ರಯಕ್ಕೆ ಹೊರಗೆ ಉತ್ತರ ಹುಡುಕಿದ್ದಾರೆ. ಆಸ್ಟ್ರೇಲಿಯಾದ ವಿಜ್ಞಾನಿಗಳು ರೂಪಿಸಿದ ಐ-2 ಎಂಬ ಶಾಖ ತಾಳುವ ಲಸಿಕೆಯನ್ನು ಮೊಜಾಂಬಿಕ್, ತಾಂಜಾನಿಯದ ಹಳ್ಳಿಗಳಲ್ಲಿ ಹಳ್ಳಿಯವರೇ ಹನಿ ಬಿಟ್ಟು ಬಳಸಿದರು. ಬೇಸಿಗೆಯಲ್ಲಿ ನಲವತ್ತೆರಡು ಡಿಗ್ರಿ ದಾಟುವ ಯಾದಗಿರಿಗೆ ಬೇಕಾದದ್ದು ಅಂಥದ್ದೇ.

ಬಿಸಿಲೇ ಒಂದು ಬೇನೆ. ಕೋಳಿಗೆ ಬೆವರಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟು, ರೆಕ್ಕೆ ಅಗಲಿಸಿ ಮೈ ತಣಿಸಿಕೊಳ್ಳುತ್ತದೆ. ಇದನ್ನೂ ಕೊಕ್ಕರೆ ರೋಗವೆಂದು ಹೆದರಿ ಮಾರಿದವರಿದ್ದಾರೆ. ಬೇವಿನ ನೆರಳು, ದಿನಕ್ಕೆರಡು ಸಲ ಬದಲಿಸಿದ ಮಡಕೆಯ ನೀರು, ಕಾಳು ನಸುಕಿಗೂ ಸಂಜೆಗೂ ಮಾತ್ರ. ಸಂಜೆಗೆ ಚೇತರಿಸಿಕೊಂಡರೆ ಅದು ಬಿಸಿಲಿನದೇ.

ಇನ್ನೊಂದು ಶತ್ರು ಗೋಡೆಯಲ್ಲಿದೆ. ಪರಸಿ ಕಲ್ಲು, ಮಣ್ಣಿನ ಸಂದಿಗಳಲ್ಲಿ ಹಗಲೆಲ್ಲ ಅಡಗಿದ್ದು ರಾತ್ರಿ ಬಂದು ರಕ್ತ ಹೀರುವ ಕೋಳಿ ಉಣ್ಣೆ. ಹಗಲು ಕೋಳಿಯ ಮೈ ಹುಡುಕಿದರೆ ದೊಡ್ಡ ಉಣ್ಣೆ ಸಿಗುವುದಿಲ್ಲ. ರಾತ್ರಿ ಟಾರ್ಚ್ ಹಿಡಿದು ಗೂಡಿನ ಗೋಡೆ ನೋಡಬೇಕು. ತಿಂಗಳುಗಟ್ಟಲೆ ಉಪವಾಸವಿದ್ದೂ ಬದುಕುತ್ತದೆ, ಜ್ವರ ತರುವ ಸ್ಪೈರೊಕೀಟ್ ಎಂಬ ರೋಗಾಣುವನ್ನೂ ಹರಡುತ್ತದೆ. ಹಾಗಾಗಿ ಕೋಳಿಗೆ ಔಷಧಿ ಬಳಿಯುವುದಕ್ಕಿಂತ ಸಂದಿಗೆ ಸುಣ್ಣ ಮೆತ್ತುವುದು ಮುಖ್ಯ. ಅಜ್ಜಿಯರು ಗೂಡಿನ ಬಳಿ ಬೂದಿ ಚೆಲ್ಲಿ ಕೋಳಿಗಳನ್ನು ಹೊರಳಲು ಬಿಡುತ್ತಿದ್ದದ್ದು ಸುಮ್ಮನಲ್ಲ. ಹೇನಿಗೆ ಅದು ಒಳ್ಳೆಯ ಉಪಾಯ.

ಮಳೆಗಾಲದಲ್ಲಿ ಮರಿಗಳ ರಕ್ತಭೇದಿ, ಗದ್ದೆಯ ಸೊಳ್ಳೆ ತರುವ ಸಿಡುಬು. ರಕ್ತಭೇದಿಗೆ ಆಂಪ್ರೋಲಿಯಂ ಇದೆ, ಆದರೆ ಗೂಡಿನ ನೆಲ ಹಸಿಯಾಗಿದ್ದರೆ ಮತ್ತೆ ಬರುತ್ತದೆ. ಸಿಡುಬಿನ ಗುಳ್ಳೆಗೆ ಅರಿಶಿನ, ಬೇವಿನೆಣ್ಣೆ ಹಚ್ಚುವುದರಿಂದ ಕೆಡುಕಿಲ್ಲ. ಹುಣ್ಣು ಕಣ್ಣು ಮುಚ್ಚಿದ ಕೋಳಿಗೆ ಕೈಯಿಂದಲೇ ನೀರು, ನುಚ್ಚು ಕೊಡಬೇಕು. ಇಲ್ಲವಾದರೆ ಅದು ಹಸಿವಿಗೇ ಸಾಯುತ್ತದೆ.

ಹೆಬ್ಬಾತು, ಬಾತುಕೋಳಿ ಸಾಕುವವರು ಇಲ್ಲಿ ಕಡಿಮೆ. ಅವು ಗಟ್ಟಿ ಜೀವ, ಕೊಕ್ಕರೆ ರೋಗದ ವೈರಸ್ ಹೊಕ್ಕರೂ ಹೆಚ್ಚಾಗಿ ಮಲಗುವುದಿಲ್ಲ. ತೊಂದರೆ ಅಲ್ಲೇ: ಆರೋಗ್ಯವಾಗಿ ಕಾಣುತ್ತಲೇ ಕೋಳಿಗೆ ದಾಟಿಸುತ್ತವೆ. ಎರಡಕ್ಕೂ ನೀರಿನ ಪಾತ್ರೆ ಬೇರೆ ಇರಲಿ. ಬೋನಾಳ ಕೆರೆಗೆ ಚಳಿಗಾಲದಲ್ಲಿ ವಲಸೆ ಹಕ್ಕಿ ಇಳಿಯುವಾಗ ಸುತ್ತಲಿನ ಊರಿನವರು ಬಾತುಗಳನ್ನು ಕೆರೆಗೆ ಬಿಡದಿರುವುದು ಲೇಸು. ಹಕ್ಕಿಜ್ವರ ದೂರದ ಮಾತೇನಲ್ಲ. 2012ರಲ್ಲಿ ಹೆಸರಘಟ್ಟದಲ್ಲಿ, 2025ರಲ್ಲಿ ಬಳ್ಳಾರಿ ಜಿಲ್ಲೆಯ ಕುರೇಕುಪ್ಪದಲ್ಲಿ ಅದು ಕಾಣಿಸಿತ್ತು. ಕೋಳಿಗಳು ಒಮ್ಮೆಲೇ ರಾಶಿ ಸತ್ತರೆ ಬರಿಗೈಯಲ್ಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಬೇಕು, ಇಲ್ಲವೇ 1962ಕ್ಕೆ ಫೋನ್ ಮಾಡಬೇಕು. ಸತ್ತದ್ದನ್ನು ಕಾಲುವೆಗೆ ಎಸೆದರೆ ಕೆಳಗಿನ ಊರಿಗೆ ರೋಗ ತೇಲಿಸಿದಂತೆ. ಆಳ ತೋಡಿ, ಸುಣ್ಣ ಹಾಕಿ ಹೂಳಬೇಕು.

ಸಂತೆಯಿಂದ ತಂದ ಹೊಸ ಕೋಳಿಯನ್ನು ಎರಡು ವಾರ ಬುಟ್ಟಿಯ ಕೆಳಗೋ ದೂರದ ಗೂಡಲ್ಲೋ ಬೇರೆ ಇಡುವುದು ಕಷ್ಟದ ಕೆಲಸ. ಅದು ಕೂಗುತ್ತದೆ, ಮನೆಯವರು ಗೊಣಗುತ್ತಾರೆ. ಆದರೂ ಇಡಬೇಕು. ಇನ್ನು ಓಣಿಯ ಲಸಿಕೆಗೆ ತಿಂಗಳು ಗೊತ್ತು ಮಾಡುವುದಾದರೆ ಗುಳೆಯ ಬಸ್ಸು ಹೊರಡುವ ಮೊದಲೇ ಆಗಲಿ. ಕೋಳಿ ಹಿಡಿಯುವ ಚುರುಕು ಕೈಗಳು ಆಗ ಊರಲ್ಲಿರುತ್ತವೆ. ಜಿಲ್ಲಾ ಕೇಂದ್ರದಿಂದ ಮಂಜುಗಡ್ಡೆಯ ಡಬ್ಬಿ ಹಿಡಿದು ತರಲು ಬೈಕೂ ಇರುತ್ತದೆ.