ಕೂಗಿದರೆ ಸಾಲದು, ಕೇಳಿಸಬೇಕು!

ಕಾಡಿನ ಕಣಿವೆಯೊಂದರಲ್ಲಿ ಅರಣ್ಯ ರಕ್ಷಕರೊಬ್ಬರು ನಿಂತಿದ್ದಾರೆ ಎನ್ನೋಣ. ಎದುರಿನ ಗುಡ್ಡದಲ್ಲಿ ಕಾಳ್ಗಿಚ್ಚು ಎದ್ದಿದೆ. ಕೈಯಲ್ಲಿ ವಾಕಿಟಾಕಿ ಇದೆ. ‘ಎಲ್ಲಿದ್ದೀರಿ? ಹೇಳಿ, ಓವರ್’ ಎಂದು ವೈರ್‌ಲೆಸ್ ಕೊಠಡಿಯವರು ಕೇಳುತ್ತಿರುವುದು ಅವರಿಗೆ ಸ್ಪಷ್ಟವಾಗಿ ಕೇಳಿಸುತ್ತಿದೆ. ಅವರೂ ಗುಂಡಿ ಒತ್ತಿ ಉತ್ತರ ಕೊಡುತ್ತಿದ್ದಾರೆ. ಆದರೆ ಕೊಠಡಿಯ ಸ್ಪೀಕರಿನಲ್ಲಿ ಬರುತ್ತಿರುವುದು ಬರೀ ‘ಸ್ಸ್...’ ಎಂಬ ಸದ್ದು. ಅಲ್ಲಿಂದ ಕರೆ ಬರುತ್ತಲೇ ಇದೆ. ಇಲ್ಲಿಂದ ಉತ್ತರ ಹೋಗುತ್ತಲೇ ಇದೆ. ಮಾತುಕತೆ ಮಾತ್ರ ಆಗುತ್ತಿಲ್ಲ.

ಹೀಗೇಕೆ? ರೇಡಿಯೋ ತರಂಗ ಗುಡ್ಡ, ಮರ, ದೂರಗಳನ್ನು ದಾಟುವಾಗ ಸೊರಗುತ್ತದೆ. ಆ ಸೊರಗುವಿಕೆ ಹೋಗುವಾಗ ಎಷ್ಟೋ ಬರುವಾಗಲೂ ಅಷ್ಟೇ. ವ್ಯತ್ಯಾಸ ಇರುವುದು ಕೂಗುವ ಶಕ್ತಿಯಲ್ಲಿ. ಕೊಠಡಿಯ ಟ್ರಾನ್ಸ್‌ಮಿಟರ್ 25 ವಾಟ್ ಶಕ್ತಿಯದಾದರೆ ಕೈಯಲ್ಲಿ ಹಿಡಿಯುವ ವಾಕಿಟಾಕಿಯದು 5 ವಾಟ್. ಅಂದರೆ ಐದನೇ ಒಂದು ಪಾಲು. ವಾಕಿಟಾಕಿಯ ಶಕ್ತಿಯನ್ನೇ ಹೆಚ್ಚಿಸೋಣವೆಂದರೆ ಬ್ಯಾಟರಿ ಬೇಗ ಬರಿದಾಗುತ್ತದೆ. ಮುಖದ ಹತ್ತಿರ ಹಿಡಿಯುವ ಸಾಧನಕ್ಕೆ ಅಷ್ಟು ಶಕ್ತಿ ತುಂಬುವುದೂ ಒಳ್ಳೆಯದಲ್ಲ. ಉಳಿದ ದಾರಿಯೆಂದರೆ ಕೊಠಡಿಯ ‘ಕಿವಿ’ಯನ್ನು ಚುರುಕು ಮಾಡುವುದು.

ಕಾರಿನೊಳಗಿನ ಕಿವಿ

ಈ ಸಮಸ್ಯೆ ಹೊಸದೇನಲ್ಲ. ಅಮೆರಿಕದ ಡೆಟ್ರಾಯಿಟ್ ನಗರದ ಪೊಲೀಸರು ಏಳು ವರ್ಷ ಪ್ರಯೋಗ ನಡೆಸಿ, 1928ರ ಏಪ್ರಿಲ್‌ನಲ್ಲಿ ಗಸ್ತು ಕಾರುಗಳಿಗೆ ರೇಡಿಯೋ ಮೂಲಕ ನಿಯತವಾಗಿ ಸಂದೇಶ ಕಳಿಸತೊಡಗಿದರು. ಆದರೆ ಅದು ಏಕಮುಖ ಸೇವೆ. ಕಾರಿನಲ್ಲಿದ್ದವರು ಕೇಳಬಹುದಿತ್ತು, ಉತ್ತರಿಸುವಂತಿರಲಿಲ್ಲ. ನ್ಯೂಜೆರ್ಸಿಯ ಬಯೋನ್ ಪಟ್ಟಣದ ಪೊಲೀಸ್ ಕಾರುಗಳಿಗೆ ಮಾತಾಡುವ ಸೌಲಭ್ಯವೂ ಸಿಕ್ಕಿದ್ದು 1933ರಲ್ಲಿ. 1940ರಲ್ಲಿ ಕನೆಕ್ಟಿಕಟ್ ರಾಜ್ಯದ ಪೊಲೀಸರಿಗಾಗಿ ಡೇನಿಯಲ್ ನೋಬಲ್ ಎಂಬ ಎಂಜಿನಿಯರ್ ಎಫ್‌ಎಂ ವಿಧಾನದ ದ್ವಿಮುಖ ರೇಡಿಯೋ ಜಾಲವನ್ನು ರೂಪಿಸಿದರು. ಎಂಜಿನ್ ಕಿಡಿಗಳ ಚಟಪಟ ಸದ್ದನ್ನು ಎಫ್‌ಎಂ ಬಹುಮಟ್ಟಿಗೆ ಅಡಗಿಸಿತು. ಅಲ್ಲಿಂದ ಮುಂದೆ ಪೈಪೋಟಿ ನಡೆದದ್ದು ಎಷ್ಟು ಕ್ಷೀಣ ಸಂಕೇತವನ್ನು ಹಿಡಿಯಬಹುದು ಎಂಬುದರ ಸುತ್ತ.

ರಿಸೀವರಿನ ಈ ಗುಣಕ್ಕೆ ಸೆನ್ಸಿಟಿವಿಟಿ ಅಥವಾ ಗ್ರಹಣಶಕ್ತಿ ಎಂದು ಹೆಸರು. ಅದನ್ನು ಅಳೆಯಲು ಸೆಕೆಂಡಿಗೆ 1,000 ಬಾರಿ ಕಂಪಿಸುವ ಸ್ವರವೊಂದನ್ನು ಸಂಕೇತಕ್ಕೆ ತುಂಬಿ, ಸಂಕೇತವನ್ನು ಕ್ರಮೇಣ ತಗ್ಗಿಸುತ್ತ ಹೋಗುತ್ತಾರೆ. ಹೊರಬರುವ ಒಟ್ಟು ಸದ್ದು, ಅದರಲ್ಲಿನ ಗದ್ದಲ ಮತ್ತು ವಿಕೃತಿಗಿಂತ ವೋಲ್ಟೇಜಿನಲ್ಲಿ ನಾಲ್ಕು ಪಟ್ಟಿಗೆ ಇಳಿದಾಗ ನಿಲ್ಲಿಸುತ್ತಾರೆ. ತಂತ್ರಜ್ಞರ ಭಾಷೆಯಲ್ಲಿ ಇದು ‘12 ಡೆಸಿಬೆಲ್ ಸಿನಾಡ್’. ಇದಕ್ಕಿಂತ ಕೆಳಗಿಳಿದರೆ ಮಾತು ಅರ್ಥವಾಗುವುದು ಕಷ್ಟವಾಗುತ್ತ ಹೋಗುತ್ತದೆ.

ಸಾಮಾನ್ಯ ಎಫ್‌ಎಂ ಮೊಬೈಲ್ ರೇಡಿಯೋ ಈ ಮಟ್ಟ ಮುಟ್ಟಲು ಸುಮಾರು 0.25 ಮೈಕ್ರೋವೋಲ್ಟ್ ಸಾಕು. ಗಡಿಯಾರಕ್ಕೆ ಹಾಕುವ 1.5 ವೋಲ್ಟಿನ ಸೆಲ್ ಗೊತ್ತಲ್ಲ? ಅದರ 60 ಲಕ್ಷದ ಒಂದು ಪಾಲು! ಶಕ್ತಿಯ ಲೆಕ್ಕದಲ್ಲಿ ಹೇಳುವುದಾದರೆ, 25 ವಾಟ್ ಹೊರಟದ್ದು 2ರ ಮುಂದೆ 16 ಸೊನ್ನೆ ಹಾಕಿದಷ್ಟು ಪಾಲು ಕ್ಷೀಣಿಸಿ ಬಂದರೂ ಮಾತು ಕೇಳಿಸುತ್ತದೆ.

ಹಿಗ್ಗಿಸಿದರೆ ಆಗದೆ?

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬ ಕೇಳಬಹುದು: ‘ಸಂಕೇತ ಎಷ್ಟೇ ಸಣ್ಣದಿರಲಿ, ವರ್ಧಕಗಳನ್ನು ಸಾಲಾಗಿ ಜೋಡಿಸಿ ಹಿಗ್ಗಿಸಿದರೆ ಆಯಿತಲ್ಲ?’

ಆಗದು. ಜಾತ್ರೆಯಲ್ಲಿ ದೂರದಿಂದ ಯಾರೋ ಕರೆಯುತ್ತಿದ್ದಾರೆ. ಆ ಸದ್ದನ್ನು ಮೈಕಿನಲ್ಲಿ ಹಿಡಿದು ದೊಡ್ಡದು ಮಾಡಿದರೆ ಕರೆಯ ಜತೆಗೆ ಜಾತ್ರೆಯ ಗಲಾಟೆಯೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ. ರೇಡಿಯೋದಲ್ಲೂ ಇಂಥ ಜಾತ್ರೆ ಸದಾ ನಡೆದಿರುತ್ತದೆ. ತಂತಿಯಲ್ಲಿರುವ ಎಲೆಕ್ಟ್ರಾನುಗಳು ಶಾಖದಿಂದ ಸುಮ್ಮನಿರದೆ ಅಡ್ಡಾದಿಡ್ಡಿ ಓಡಾಡುತ್ತವೆ. ಅಮೆರಿಕದ ಬೆಲ್ ಪ್ರಯೋಗಾಲಯದ ಜಾನ್ಸನ್ ಇದರಿಂದ ಹುಟ್ಟುವ ಗದ್ದಲವನ್ನು ಅಳೆದರು, ನೈಕ್ವಿಸ್ಟ್ ಅದಕ್ಕೆ ಲೆಕ್ಕ ಕಟ್ಟಿದರು. ಇಬ್ಬರ ಪ್ರಬಂಧಗಳೂ ಪ್ರಕಟವಾದದ್ದು 1928ರಲ್ಲಿ. ಎಫ್‌ಎಂ ಮೊಬೈಲ್ ರೇಡಿಯೋಗೆ ಬೇಕಾಗುವ ಸುಮಾರು 15 ಕಿಲೋಹರ್ಟ್ಸ್ ಅಗಲದ ಕಿಂಡಿಯಲ್ಲಿ ಈ ಸಹಜ ಗದ್ದಲ 0.055 ಮೈಕ್ರೋವೋಲ್ಟಿನಷ್ಟು. ಇದರ ಮೇಲೆ ರಿಸೀವರಿನ ಬಿಡಿಭಾಗಗಳು ತಮ್ಮ ಪಾಲಿನ ಗದ್ದಲವನ್ನೂ ಸೇರಿಸುತ್ತವೆ.

ಆದ್ದರಿಂದ ಪ್ರಶ್ನೆ ಎಷ್ಟು ಹಿಗ್ಗಿಸಬೇಕು ಎಂಬುದಲ್ಲ. ಹಿಗ್ಗಿಸುವಾಗ ಎಷ್ಟು ಕಡಿಮೆ ಗದ್ದಲ ಬೆರೆಸಬೇಕು ಎಂಬುದು.

ಚಮಚದ ಹಾಲು, ಬಿಂದಿಗೆಯ ಹಾಲು

ಬೆಲ್ ಪ್ರಯೋಗಾಲಯದವರೇ ಆದ ಹೆರಾಲ್ಡ್ ಫ್ರೀಸ್ 1944ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ಅದರ ತಿರುಳು ಇಷ್ಟು: ಸಾಲಾಗಿ ನಿಂತ ವರ್ಧಕಗಳಲ್ಲಿ ಮೊದಲನೆಯದರ ಗದ್ದಲವೇ ನಿರ್ಣಾಯಕ, ಅದು ಸಾಕಷ್ಟು ಹಿಗ್ಗಿಸಿದರೆ ನಂತರದವುಗಳ ಗದ್ದಲ ಲೆಕ್ಕಕ್ಕೆ ಬರುವುದಿಲ್ಲ. ಒಂದು ಚಮಚ ಹಾಲಿಗೆ ಹತ್ತು ಹನಿ ನೀರು ಬಿದ್ದರೆ ಹಾಲು ಕೆಟ್ಟಿತು. ಒಂದು ಬಿಂದಿಗೆ ಹಾಲಿಗೆ ಅದೇ ಹತ್ತು ಹನಿ ಬಿದ್ದರೆ ಗೊತ್ತೂ ಆಗದು. ಸಂಕೇತ ಚಮಚದಷ್ಟಿರುವಾಗಲೇ ಅದನ್ನು ಶುದ್ಧವಾಗಿ ಬಿಂದಿಗೆಯಷ್ಟು ಮಾಡುವ ಸಾಧನವೇ ಪ್ರಿಆಂಪ್ಲಿಫೈಯರ್ ಅಥವಾ ಪೂರ್ವವರ್ಧಕ.

ಅದನ್ನು ಎಲ್ಲಿ ಇಡಬೇಕು? ಈ ಲೆಕ್ಕವನ್ನು ಕಾಗದದ ಮೇಲೆ ಯಾರು ಬೇಕಾದರೂ ಮಾಡಿ ನೋಡಬಹುದು. ಗದ್ದಲವನ್ನೇ ಸೇರಿಸದ ಆದರ್ಶ ರಿಸೀವರಿನ ಅಂಕ 1 ಎಂದಿಟ್ಟುಕೊಳ್ಳಿ. ಕೊಠಡಿಯ ರಿಸೀವರಿನದು 6. ಕಂಬದ ತುದಿಯ ಆಂಟೆನಾದಿಂದ ಇಳಿದು ಬರುವ ಕೇಬಲ್ ಅರ್ಧ ಶಕ್ತಿಯನ್ನು ನುಂಗಿದರೆ ಅಂಕ ದುಪ್ಪಟ್ಟಾಗಿ 12. ಈಗ 1.25 ಅಂಕದ, 30 ಪಟ್ಟು ಹಿಗ್ಗಿಸುವ ಪೂರ್ವವರ್ಧಕ ಬಂತು. ಅದನ್ನು ಕೊಠಡಿಯಲ್ಲಿ ರಿಸೀವರಿನ ಪಕ್ಕದಲ್ಲಿಟ್ಟರೆ ಅಂಕ ಸುಮಾರು 2.8ಕ್ಕೆ ಇಳಿಯುತ್ತದೆ, ಲಾಭ ನಾಲ್ಕು ಪಟ್ಟಿಗೆ ತುಸು ಹೆಚ್ಚು. ಕಂಬದ ತುದಿಯಲ್ಲಿ ಆಂಟೆನಾದ ಬುಡಕ್ಕೇ ಕಟ್ಟಿದರೆ ಅಂಕ 1.6, ಲಾಭ ಏಳು ಪಟ್ಟಿಗೂ ಮಿಕ್ಕಿ. ಅರಣ್ಯ ರಕ್ಷಕರ ಧ್ವನಿಗೆ ಇದ್ದ ಕೊರತೆ ಐದು ಪಟ್ಟು ತಾನೆ? ಅದೇ ಪೆಟ್ಟಿಗೆ ಕೆಳಗಿದ್ದರೆ ಕೊರತೆ ಪೂರ್ತಿ ತುಂಬದು, ಮೇಲಿದ್ದರೆ ತುಂಬಿ ಮಿಗುತ್ತದೆ.

ಇದು ಹಿಂದಿನ ತಲೆಮಾರಿಗೆ ಹೊಸ ಸಂಗತಿಯಲ್ಲ. ದೂರದರ್ಶನದ ಕಾಲದಲ್ಲಿ ಚಿತ್ರದ ತುಂಬ ಚುಕ್ಕೆ ಚುಕ್ಕೆ ಬಂದಾಗ ತಂದೆತಾಯಂದಿರು ಪೇಟೆಯಿಂದ ‘ಬೂಸ್ಟರ್’ ತರುತ್ತಿದ್ದರು. ಅದರ ಒಂದು ಪೆಟ್ಟಿಗೆ ಮಾಡಿನ ಮೇಲೆ ಆಂಟೆನಾದ ಕಂಬಕ್ಕೆ, ಅದಕ್ಕೆ ವಿದ್ಯುತ್ ಕೊಡುವ ಇನ್ನೊಂದು ಟಿ.ವಿ.ಯ ಪಕ್ಕಕ್ಕೆ. ನಡುವಿನ ಕೇಬಲ್‌ನಲ್ಲಿ ಚಿತ್ರ ಕೆಳಗಿಳಿಯುತ್ತಿತ್ತು, ವಿದ್ಯುತ್ ಮೇಲೇರುತ್ತಿತ್ತು. ಇಂದು ಮನೆಮನೆಯ ಡಿಟಿಎಚ್ ಡಿಶ್‌ನ ಮುಂದೆ ಚಾಚಿಕೊಂಡಿರುವ ‘ಎಲ್‌ಎನ್‌ಬಿ’ಯೊಳಗೂ ಕಡಿಮೆ ಗದ್ದಲದ ವರ್ಧಕವೇ ಇದೆ. ಮೊಬೈಲ್ ಫೋನ್ ಗೋಪುರಗಳ ತುದಿಯಲ್ಲೂ ಇಂಥ ವರ್ಧಕಗಳನ್ನು ಅಳವಡಿಸುವುದುಂಟು. ಅಲ್ಲಿಯೂ ಕ್ಷೀಣವಾಗಿ ಕೂಗುವುದು ನಿಮ್ಮ ಕೈಯಲ್ಲಿರುವ ಫೋನೇ.

ಅತಿಯಾದರೆ ಅನರ್ಥ

ಹಾಗಾದರೆ ಎಲ್ಲ ರೇಡಿಯೋಗಳಿಗೂ ಒಂದೊಂದು ಪೂರ್ವವರ್ಧಕ ಕಟ್ಟಿಬಿಡಬಹುದೆ? ನಿಧಾನಿಸಿ.

ಮೊದಲನೆಯದಾಗಿ, ಅದು ಬೇಕಾದ ಸಂಕೇತವನ್ನಷ್ಟೇ ಹಿಗ್ಗಿಸುವುದಿಲ್ಲ. ಹತ್ತಿರದಲ್ಲೇ ಬೇರೊಂದು ಇಲಾಖೆಯ ಪ್ರಬಲ ಟ್ರಾನ್ಸ್‌ಮಿಟರ್ ಇದ್ದರೆ ಅದರ ಸಂಕೇತವೂ 30 ಪಟ್ಟಾಗಿ ರಿಸೀವರಿನೊಳಗೆ ನುಗ್ಗುತ್ತದೆ. ಆಗ ರಿಸೀವರ್ ಕಿವುಡಾಗಬಹುದು. ಅಥವಾ ಎರಡು ಪ್ರಬಲ ಸಂಕೇತಗಳು ಒಳಗೆ ಕಲಬೆರಕೆಯಾಗಿ, ಗಾಳಿಯಲ್ಲಿ ಇಲ್ಲದೇ ಇರುವ ಮೂರನೆಯ ಸಂಕೇತವೊಂದು ಹುಟ್ಟಿಕೊಳ್ಳಬಹುದು. ಆದ್ದರಿಂದಲೇ ಪೂರ್ವವರ್ಧಕದ ಮುಂದೆ ಬೇಡದ ಕಂಪನಾಂಕಗಳನ್ನು ತಡೆಯುವ ಫಿಲ್ಟರ್ ಇಡುತ್ತಾರೆ. ನಗರದ ನಡುವೆ ಓಡಾಡುವ ವಾಹನಕ್ಕೆ ಅತಿ ಚುರುಕಾದ ಕಿವಿ ವರವಲ್ಲ, ಶಾಪ.

ಎರಡನೆಯದಾಗಿ, ದ್ವಿಮುಖ ರೇಡಿಯೋ ಕೇಳುವ ಆಂಟೆನಾದಿಂದಲೇ ಮಾತಾಡುತ್ತದೆ. ಮೈಕ್ರೋವೋಲ್ಟಿನ ಸಂಕೇತಕ್ಕೆಂದು ಮಾಡಿದ ಸಾಧನದೊಳಗೆ 25 ವಾಟ್ ನುಗ್ಗಿದರೆ ಅದು ಕ್ಷಣದಲ್ಲಿ ಸುಟ್ಟು ಹೋಗುತ್ತದೆ. ಮಾತಾಡುವ ಗುಂಡಿ ಒತ್ತಿದೊಡನೆ ಪೂರ್ವವರ್ಧಕವನ್ನು ಪಕ್ಕಕ್ಕೆ ಸರಿಸುವ ರಿಲೇ ಬೇಕು. ಇಲ್ಲವೇ ಕೇಳಲಿಕ್ಕೆಂದೇ ಇನ್ನೊಂದು ಆಂಟೆನಾ ಬೇಕು.

ಮೂರನೆಯದಾಗಿ, ಗದ್ದಲ ಹೊರಗಿನಿಂದಲೇ ಬರುತ್ತಿದ್ದರೆ ಪೂರ್ವವರ್ಧಕ ನಿರುಪಯೋಗಿ. ವಾಹನಗಳ ಕಿಡಿ, ವಿದ್ಯುತ್ ತಂತಿ, ಕಾರ್ಖಾನೆಯ ಯಂತ್ರಗಳಿಂದ ಹೊರಡುವ ಗದ್ದಲ ಆಂಟೆನಾದಲ್ಲೇ ಸಂಕೇತದೊಂದಿಗೆ ಬೆರೆತಿರುತ್ತದೆ. ಹಾಲಿಗೆ ಬೆರೆತ ನೀರನ್ನು ಆಮೇಲೆ ತೆಗೆಯಲಾದೀತೆ? ಮೇಲಿನ ಏಳು ಪಟ್ಟು ಲಾಭ ಪೂರ್ತಿ ಸಿಗುವುದು ಗದ್ದಲವಿಲ್ಲದ ಗುಡ್ಡಗಾಡಿನಲ್ಲಿ ಮಾತ್ರ.

ಮನೆಯಲ್ಲೇ ಪರೀಕ್ಷೆ

ಈ ಕೊನೆಯ ಮಾತನ್ನು ಪರೀಕ್ಷಿಸಲು ಹಳೆಯ ಶಾರ್ಟ್‌ವೇವ್ ರೇಡಿಯೋ ಸಾಕು. ಯಾವ ನಿಲಯವೂ ಇಲ್ಲದ ಜಾಗಕ್ಕೆ ಮುಳ್ಳನ್ನು ತಿರುಗಿಸಿ, ಆಂಟೆನಾ ಮಡಚಿ, ‘ಸ್ಸ್’ ಸದ್ದನ್ನು ಗಮನಿಸಿ. ಬಳಿಕ ಆಂಟೆನಾವನ್ನು ಪೂರ್ತಿ ಎಳೆದು, ಅದಕ್ಕೆ ನಾಲ್ಕೈದು ಮೀಟರ್ ವೈರನ್ನು ಸಿಕ್ಕಿಸಿ. ವೈರನ್ನು ಮನೆಯೊಳಗೇ ಹರಡಿ, ಕರೆಂಟಿನ ತಂತಿಗಳಿಂದ ದೂರವಿರಲಿ. ಸದ್ದು ಗಣನೀಯವಾಗಿ ಏರಿತೆ? ಹಾಗಾದರೆ ರೇಡಿಯೋ ತನ್ನ ಗದ್ದಲಕ್ಕಿಂತ ಹೊರಗಿನ ಗದ್ದಲವನ್ನೇ ಹೆಚ್ಚು ಕೇಳುತ್ತಿದೆ. ಪೂರ್ವವರ್ಧಕದಿಂದ ಅದಕ್ಕೆ ಲಾಭವಿಲ್ಲ. ಸದ್ದು ಹಾಗೆಯೇ ಉಳಿಯಿತೆ? ಆಗ ಅದು ತನ್ನದೇ ಗದ್ದಲದಲ್ಲಿ ಮುಳುಗಿದೆ, ನೆರವು ಬೇಕು. ಎಫ್‌ಎಂ ರೇಡಿಯೋದಲ್ಲಿ ಈ ಪರೀಕ್ಷೆ ನಡೆಯದು. ಸದ್ದಿನ ಏರಿಳಿತವನ್ನು ಅದರ ಮಂಡಲವೇ ಸಮ ಮಾಡಿಬಿಡುತ್ತದೆ.

ಹಣ ಕೊಟ್ಟು ಪೆಟ್ಟಿಗೆ ತರುವ ಮೊದಲು ಗದ್ದಲ ಎಲ್ಲಿಂದ ಬರುತ್ತಿದೆಯೆಂದು ತಿಳಿಯುವ ಈ ಅಭ್ಯಾಸ ಎಲೆಕ್ಟ್ರಾನಿಕ್ಸ್ ಓದುವ ಮಕ್ಕಳಿಗೆ ಮುಂದೆ ಪ್ರಯೋಗಾಲಯದಲ್ಲೂ ನೆರವಿಗೆ ಬರುತ್ತದೆ. ಕಣಿವೆಯಲ್ಲಿ ನಿಂತು ಕೂಗುವವರ ಪಾಲಿಗಂತೂ ಅದು ಉತ್ತರ ತಲುಪುವ, ತಲುಪದಿರುವ ಪ್ರಶ್ನೆ.