ತೂಬಿನ ಊರೂ ದಾರಿಯ ವಿದ್ಯೆಯೂ

ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆಯ ಹೆಸರನ್ನು ಕೇಳಿದೊಡನೆ ನಮ್ಮ ವಾಚಕರಲ್ಲಿ ಹಲವರಿಗೆ ಘಾಟಿ ಸುಬ್ರಹ್ಮಣ್ಯದ ನೆನಪಾಗುವುದು ಸಹಜ. ಆ ಕ್ಷೇತ್ರವು ಈ ಹೋಬಳಿಗೇ ಸೇರಿದುದು. ನಮಗಾದರೋ ಆ ಹೆಸರು ಬೇರೊಂದನ್ನು ನೆನಪಿಗೆ ತರುವುದು. ತೂಬು, ಕೆರೆ ಎಂಬ ಎರಡು ಮಾತುಗಳು ಕೂಡಿ ಒಂದು ಊರಾದಂತಿದೆ. (ಪಂಡಿತರು ಬೇರೆ ವಿಧವಾಗಿ ಬಿಡಿಸುವುದಾದರೆ ನಮ್ಮ ಅಭ್ಯಂತರವಿಲ್ಲ.) ತೂಬೆಂದರೆ ಕೆರೆಯ ನೀರನ್ನು ಅಳತೆಯರಿತು ಗದ್ದೆಗಳಿಗೆ ಬಿಡುವ ದ್ವಾರವಷ್ಟೆ. ಹಿಂದೆ ನಮ್ಮ ಸೀಮೆಯ ಊರೂರಿಗೂ ಒಬ್ಬ ನೀರುಗಂಟಿಯಿರುತ್ತಿದ್ದನು. ಯಾರ ಪೈರು ಬಾಡಿದೆ, ಯಾರ ಗದ್ದೆಯಲ್ಲಿ ನೀರು ನಿಂತಿದೆ ಎಂಬುದನ್ನು ಕಣ್ಣಾರೆ ಕಂಡು ಅವನು ತೂಬನ್ನು ಎತ್ತುವನು, ಇಳಿಸುವನು. ಗದ್ದೆಯ ಕಡೆ ತಿರುಗಿ ನೋಡದೆ ಬರಿಯ ಗಡಿಯಾರವನ್ನು ನಂಬಿ ತೂಬು ತೆಗೆಯುವ ನೀರುಗಂಟಿಯನ್ನು ಯಾವ ಊರೂ ಸಹಿಸುತ್ತಿರಲಿಲ್ಲ.

ಪಟ್ಟಣದ ಬೀದಿಗಳಲ್ಲಿ ಮಾತ್ರ ನಾವು ಬಹುಕಾಲ ಅಂಥ ನೀರುಗಂಟಿಯನ್ನೇ ಇಟ್ಟುಕೊಂಡಿದ್ದೆವು. ನಾಲ್ಕು ದಾರಿ ಕೂಡುವಲ್ಲಿನ ಕೆಂಪು ಹಸುರು ದೀಪಗಳು, ಈ ಕಡೆಗೆ ಇಷ್ಟು ಸೆಕೆಂಡು, ಆ ಕಡೆಗೆ ಇಷ್ಟು ಎಂದು ಮೊದಲೇ ಗೊತ್ತುಮಾಡಿದ ಪ್ರಕಾರ ಉರಿಯುವುವು. ಬರಿದಾದ ರಸ್ತೆಗೆ ಹಸುರು, ಕಿಕ್ಕಿರಿದ ರಸ್ತೆಗೆ ಕೆಂಪು ಬಿದ್ದುದನ್ನು ನೋಡಿ ನಿಟ್ಟುಸಿರು ಬಿಡದ ಬೆಂಗಳೂರಿಗರು ಇರಲಾರರು. ಬಂದ ವಾಹನಗಳನ್ನು ತಾನೇ ಎಣಿಸಿ ಅದಕ್ಕೆ ತಕ್ಕಂತೆ ದಾರಿ ಬಿಡುವ ದೀಪಗಳು ಈಚೆಗೆ ಬಂದಿವೆ. ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ವಿದ್ವಾಂಸರು 2012ರಲ್ಲಿ ಒಂಬತ್ತು ಚೌಕಗಳಲ್ಲಿ ಇಂಥವುಗಳನ್ನು ಹಾಕಿ ನೋಡಲು, ಪ್ರಯಾಣದ ಕಾಲ ಸುಮಾರು ಕಾಲುಭಾಗ ಕಡಮೆಯಾಯಿತು. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆಯು ರಚಿಸಿದ ಇದೇ ಬಗೆಯ ವ್ಯವಸ್ಥೆಯನ್ನು 2024ರಲ್ಲಿ ಬೆಂಗಳೂರಿನ ಅನೇಕ ಚೌಕಗಳಿಗೆ ಅಳವಡಿಸಿದರು.

ಆದರೆ ಎಣಿಸಬೇಕಾದರೆ ಮೊದಲು ಗುರುತಿಸಲು ಬರಬೇಕಲ್ಲವೆ? ತೊಡಕಿರುವುದು ಇಲ್ಲಿಯೇ. ಪರದೇಶದ ಬೀದಿಗಳ ಚಿತ್ರಗಳನ್ನು ನೋಡಿ ಕಲಿತ ಯಂತ್ರಕ್ಕೆ ನಮ್ಮ ಆಟೋರಿಕ್ಷಾ ಯಾವ ಜಾತಿಯದೆಂದು ತಿಳಿಯದು. ಟೆಂಪೋ ಟ್ರಾವೆಲರನ್ನು ಕಂಡರೆ ಬಸ್ಸೋ ವ್ಯಾನೋ ಎಂದು ತಬ್ಬಿಬ್ಬಾಗುವುದು. ಹಿರಿಯರು ಈಗಲೂ ಟಾಟಾ ಇನ್ಸ್ಟಿಟ್ಯೂಟ್ ಎಂದೇ ಕರೆಯುವ, 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಈ ಕೊರತೆಗೆ ಕೈಹಾಕಿದರು. ಸಾರಿಗೆ ಮತ್ತು ನಗರಯೋಜನೆಗಳ ಅಧ್ಯಯನಕ್ಕೆಂದು ರಾಜ್ಯಸರ್ಕಾರದ ನೆರವಿನಿಂದ 2009ರಲ್ಲಿಯೇ ಅಲ್ಲಿ ಒಂದು ಕೇಂದ್ರವು ಹುಟ್ಟಿತ್ತು. 2025ರಲ್ಲಿ ಸಂಸ್ಥೆಯವರು ನಡೆಸಿದ ಕೆಲಸವಂತೂ ಗೃಹಸ್ಥರೂ ತಿಳಿಯತಕ್ಕಂಥದು.

ಬೆಂಗಳೂರಿನ ಬೀದಿಗಳಲ್ಲಿ ರಕ್ಷಣೆಗಾಗಿ ನಿಲ್ಲಿಸಿರುವ ಕ್ಯಾಮೆರಾಗಳ ಪೈಕಿ 2,800ರಿಂದ ನಾಲ್ಕು ವಾರಗಳ ಚಿತ್ರಗಳನ್ನು ಪಡೆದು, ಅವುಗಳಲ್ಲಿ 26,646ನ್ನು ಆರಿಸಿಕೊಂಡರು. ದೇಶದ ನಾನಾ ಕಡೆಯ 565 ಮಂದಿ ಕಾಲೇಜು ವಿದ್ಯಾರ್ಥಿಗಳು ಈ ಚಿತ್ರಗಳ ಮುಂದೆ ಕುಳಿತರು. ತಾಯಿಯು ಮಗುವನ್ನು ಸೊಂಟದಲ್ಲಿರಿಸಿಕೊಂಡು ಜಗಲಿಯ ಮೇಲೆ ನಿಂತು, ‘ಇದು ಹಸು, ಇದು ಎಮ್ಮೆ, ಅದು ಮೇಕೆ’ ಎಂದು ತೋರಿಸುವಳಷ್ಟೆ. ಆಕೆ ಲಕ್ಷಣ ಹೇಳುವುದಿಲ್ಲ, ಹತ್ತಾರು ಸಲ ತೋರಿಸಿ ಹೆಸರು ಹೇಳುವಳು, ಮಗು ಕಲಿಯುವುದು. ಈ ವಿದ್ಯಾರ್ಥಿಗಳು ಮಾಡಿದುದೂ ಅದನ್ನೇ. ಚಿತ್ರದಲ್ಲಿನ ಒಂದೊಂದು ವಾಹನದ ಸುತ್ತಲೂ ಚೌಕವೆಳೆದು, ಇದು ಆಟೋ, ಇದು ಲಾರಿ, ಇದು ಬೈಸಿಕಲ್ಲು ಎಂದು ಹೆಸರು ಕೊಟ್ಟರು. ಒಬ್ಬನ ಕಣ್ಣು ತಪ್ಪಬಹುದೆಂದು ಹಲವರು ಕೊಟ್ಟ ಗುರುತುಗಳನ್ನು ತಾಳೆನೋಡಿ ಒಮ್ಮತವಾದುದನ್ನು ಉಳಿಸಿಕೊಂಡರು. ಹೀಗೆ ಎಳೆದ ಚೌಕಗಳು ಹದಿನೆಂಟು ಲಕ್ಷ! ಈ ಪಾಠವನ್ನು ಕಲಿತ ಯಂತ್ರಗಳು, ಪರದೇಶದ ಚಿತ್ರಗಳಿಂದ ಮಾತ್ರ ಕಲಿತವುಗಳಿಗಿಂತ ನಮ್ಮ ಬೀದಿಯನ್ನು ಚೆನ್ನಾಗಿ ಓದಿದುವು. ಸಂಸ್ಥೆಯವರು ಚಿತ್ರಗಳನ್ನೂ ಗುರುತುಗಳನ್ನೂ ತಮ್ಮಲ್ಲಿಯೇ ಬಚ್ಚಿಟ್ಟುಕೊಳ್ಳದೆ ಎಲ್ಲರಿಗೂ ತೆರೆದಿಟ್ಟರೆಂಬುದು ನಮಗೆ ವಿಶೇಷವಾಗಿ ಮೆಚ್ಚಿಗೆಯಾಯಿತು.

ಘಾಟಿಯ ದನಗಳ ಜಾತ್ರೆಯಲ್ಲಿ ಒಂದು ಮರದ ನೆರಳಿನಲ್ಲಿ ಕುಳಿತಿದ್ದಾಗ, ತೂಬಗೆರೆಯ ಕಡೆಯ ವೃದ್ಧ ರೈತರೊಬ್ಬರಿಗೆ ನಾವು ಇದನ್ನೆಲ್ಲ ಉತ್ಸಾಹದಿಂದ ವಿವರಿಸಿದೆವು. ಅವರು ಎಲೆಯಡಿಕೆ ಹಾಕಿಕೊಂಡು ಸಾವಧಾನವಾಗಿ ಕೇಳಿ, “ಎತ್ತಿನ ಗಾಡಿಗೆ ಅದರಾಗೆ ಏನು ಹೆಸರಿಟ್ಟವ್ರೆ ಸ್ವಾಮಿ?” ಎಂದರು. ಆ ಪಟ್ಟಿಯಲ್ಲಿ ವಾಹನಗಳ ವರ್ಗಗಳು ಹದಿನಾಲ್ಕು. ಎತ್ತಿನ ಗಾಡಿಯ ಹೆಸರಿಲ್ಲ. ಬಂದರೆ ‘ಇತರ’ ಎಂಬ ಕೊನೆಯ ವರ್ಗದಲ್ಲಿ ಸೇರಿಕೊಳ್ಳಬೇಕು. ಬೆಂಗಳೂರಿನ ಬೀದಿಗೆ ಅದೇ ಸರಿಯಿರಬಹುದು. ನಮಗೆ ಮಾತ್ರ ಉತ್ತರ ಹೇಳಲು ಕೊಂಚ ಸಂಕೋಚವಾಯಿತು.

ಏಕೆಂದರೆ ಇದೇ ಬೆಂಗಳೂರಿನಲ್ಲಿ ಗಾಡಿಗೂ ಒಬ್ಬ ವಿದ್ವಾಂಸರಿದ್ದರು. ಐ. ಐ. ಎಂ. ಎಂದು ಪ್ರಸಿದ್ಧವಾದ ವ್ಯವಸ್ಥಾಪನಾ ಸಂಸ್ಥೆಯು 1973ರಲ್ಲಿ ಇಲ್ಲಿ ಪ್ರಾರಂಭವಾದಾಗ ಅದರ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು, ದೊಡ್ಡ ಕಂಪೆನಿಗಳ ಲೆಕ್ಕಾಚಾರದ ನಡುವೆ ಎತ್ತಿನ ಗಾಡಿಯನ್ನು ಸಂಶೋಧನೆಗೆ ಎತ್ತಿಕೊಂಡರು. ದೇಶದಲ್ಲಿ ಆಗ ಸುಮಾರು ಒಂದೂವರೆ ಕೋಟಿ ಗಾಡಿಗಳಿದ್ದುವೆಂಬುದು ಅವರ ಅಂದಾಜು. ನೊಗವು ಎತ್ತಿನ ಹೆಗಲನ್ನು ತಿಂದು ಹುಣ್ಣು ಮಾಡುವುದು, ಕಬ್ಬಿಣದ ಪಟ್ಟಿಯ ಮರದ ಚಕ್ರವು ರಸ್ತೆಯನ್ನೂ ಎತ್ತಿನ ಶಕ್ತಿಯನ್ನೂ ಒಟ್ಟಿಗೆ ಹಾಳುಮಾಡುವುದು, ಇವನ್ನು ಕಂಡು ನೊಗ, ಅಚ್ಚು, ಚಕ್ರ ಎಲ್ಲವೂ ಸುಧಾರಿಸಬೇಕೆಂದು ವರ್ಷಾನುಗಟ್ಟಲೆ ವಾದಿಸಿದರು. ನಕ್ಕವರೂ ಇದ್ದಿರಬಹುದು. ಆದರೆ ದಾರಿಯ ವಿದ್ಯೆಯು ದಾರಿಯಲ್ಲಿ ನಡೆಯುವವರನ್ನು ನೋಡಿ ಹುಟ್ಟಬೇಕೆಂಬುದನ್ನು ಅವರಷ್ಟು ಚೆನ್ನಾಗಿ ತಿಳಿದವರು ವಿರಳ.

ಇನ್ನು ಉದ್ಯೋಗದ ಮಾತು. ವಿದ್ಯಾಲಯದ ಕೆಲಸದಿಂದ ನಾಲ್ಕು ಜನಕ್ಕೆ ಅನ್ನ ಹುಟ್ಟುವುದುಂಟೆ ಎಂದು ಕೇಳುವವರು 1940ನ್ನು ನೆನೆಯಬೇಕು. ಆ ವರ್ಷ ವಾಲಚಂದ ಹೀರಾಚಂದರೂ ಮೈಸೂರು ಸರ್ಕಾರವೂ ಸೇರಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ತೆರೆದರು. ಎರಡು ವರ್ಷಗಳಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ವಿಮಾನವಿದ್ಯೆಯ ವಿಭಾಗವು ಹುಟ್ಟಿತು. ಅದನ್ನು ಕಟ್ಟಿದ ವಿ. ಎಂ. ಘಾಟಗೆಯವರೇ ಮುಂದೆ ಕಾರ್ಖಾನೆಯಲ್ಲಿ ಎಚ್. ಟಿ.-2 ಎಂಬ ತರಬೇತಿ ವಿಮಾನವನ್ನು ರೂಪಿಸಿದರು. ಅದು 1951ರಲ್ಲಿ ಹಾರಿತು. ಎಷ್ಟು ಮನೆಗಳ ಒಲೆ ಆ ಕಾರ್ಖಾನೆಯಿಂದ ಉರಿಯಿತೆಂಬುದನ್ನು ಬೆಂಗಳೂರಿನ ಹಳಬರು ಬಲ್ಲರು. ತೂಬಗೆರೆಯಿಂದ ನೋಡಿದರೆ ನಂದಿಬೆಟ್ಟದ ಆಚೆಗಿರುವ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಮೋಟಾರು ಕಾರ್ಖಾನೆಗಾಗಿ 1935ರಲ್ಲಿ ಯೂರೋಪು ಅಮೆರಿಕಗಳನ್ನು ಸುತ್ತಿಬಂದರೂ ಅದು ಮೈಸೂರಿಗೆ ದಕ್ಕಲಿಲ್ಲವೆಂಬುದನ್ನೂ ಇಲ್ಲಿ ಮರೆಯಲಾಗದು.

ಹಾಗೆಂದು ನಾವು ಸುಲಭವಾದ ಭರವಸೆಯನ್ನು ಕೊಡಲಾರೆವು. ಮೇಲೆ ಹೇಳಿದ ಪಿಟ್ಸ್‌ಬರ್ಗ್, ಉಕ್ಕಿನ ಕಾರ್ಖಾನೆಗಳು ಮುಚ್ಚಿ ಸೊರಗಿದ್ದ ಊರು. ವಿಶ್ವವಿದ್ಯಾನಿಲಯದ ಬಲದಿಂದ ಚಾಲಕನಿಲ್ಲದ ಮೋಟಾರುಗಳ ಉದ್ಯಮ ಅಲ್ಲಿ ಚಿಗುರಿತು. 2015ರಲ್ಲಿ ಊಬರ್ ಕಂಪೆನಿಯು ಅಲ್ಲಿನ ಪ್ರಯೋಗಶಾಲೆಯ ಸುಮಾರು ನಲವತ್ತು ಮಂದಿ ತಜ್ಞರನ್ನು ಒಮ್ಮೆಲೇ ಸೆಳೆದುಕೊಂಡಿತು. 2020ರಲ್ಲಿ ಆ ಶಾಖೆಯನ್ನೇ ಮಾರಿಬಿಟ್ಟಿತು. ಅದೇ ಊರಿನ ಆರ್ಗೋ ಎಂಬ ಕಂಪೆನಿಯು 2022ರಲ್ಲಿ ಬಾಗಿಲು ಹಾಕಿತು. ಚೌಕವೆಳೆದು ಹೆಸರು ಕೊಡುವ ಕೆಲಸವನ್ನೂ ಒಂದು ದಿನ ಯಂತ್ರವೇ ಮಾಡಿಕೊಳ್ಳಬಹುದು.

ಜಾತ್ರೆಯ ವೃದ್ಧರು ಎತ್ತಿದ ಎರಡನೆಯ ಪ್ರಶ್ನೆಯು ನಮ್ಮನ್ನು ಇನ್ನೂ ಬಿಟ್ಟಿಲ್ಲ. “ನಮ್ಮ ಹುಡುಗ ದೊಡ್ಡಬಳ್ಳಾಪುರದಾಗೆ ಗಾರ್ಮೆಂಟ್ಸಿಗೆ ಹೋಯ್ತಾನೆ. ಕೆಲಸ ಬಿಟ್ಟು ಬರೋ ಹೊತ್ಗೆ ಬಸ್ಸಿರಲ್ಲ, ರಸ್ತೇಲಿ ಕಾಯ್ತಾ ನಿಂತಿರ್ತಾನೆ. ಆ ಯಂತ್ರ ಅವನ್ನ ಎಣಿಸ್ತದಾ?”

ಎಣಿಸುವುದಿಲ್ಲ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಮೇಲೆ ಹೊಸಕೋಟೆಗೆ 2024ರಲ್ಲಿ ತೆರೆದ ಹೊಸ ಹೆದ್ದಾರಿಯ ಸುಂಕದ ಕಟ್ಟೆಯಲ್ಲಿ ಲಾರಿಗಳೂ ಕಾರುಗಳೂ ಲೆಕ್ಕಕ್ಕೆ ಬೀಳುವುವು. ಬಸ್ಸು ಹತ್ತಿದವರನ್ನು ಕಂಡಕ್ಟರ ಕೈಯ ಟಿಕೆಟ್ ಯಂತ್ರವು ಬರೆದಿಟ್ಟುಕೊಳ್ಳುವುದು. 2023ರ ಜೂನ್ 11ರಿಂದ ಉಚಿತವಾಗಿ ಪ್ರಯಾಣಮಾಡುವ ಹೆಂಗಸರಿಗೂ ಶೂನ್ಯದ ಟಿಕೆಟ್ ಹರಿದುಕೊಡುವುದರಿಂದ ಅವರ ಲೆಕ್ಕವೂ ಸಿಕ್ಕುವುದು. ಬಸ್ಸಿಲ್ಲದೆ ಹತ್ತದೇ ಉಳಿದವರು ಯಾವ ಯಂತ್ರಕ್ಕೂ ಕಾಣರು. ಅವರನ್ನು ಎಣಿಸಬೇಕಾದರೆ ಸಂಜೆಯ ಹೊತ್ತಿನಲ್ಲಿ ಹೋಬಳಿಯ ಬಸ್ಸು ನಿಲ್ದಾಣದಲ್ಲಿ ಯಾರಾದರೂ ಪುಸ್ತಕ ಹಿಡಿದು ಕುಳಿತಿರಬೇಕು, ಎಲ್ಲಿಗೆ ಹೋಗಬೇಕಾಗಿತ್ತೆಂದು ಕೇಳಬೇಕು. ಸಂಬಳ ಕೊಟ್ಟು ಮಾಡಿಸತಕ್ಕ ಕೆಲಸವಿದು. ಡಿಪ್ಲೊಮಾ ಮಾಡಿ ಮನೆಯಲ್ಲಿರುವ ಹುಡುಗ ಹುಡುಗಿಯರು ತಮ್ಮ ಊರಿನಲ್ಲಿಯೇ ಮಾಡಬಹುದಾದುದು. ಊರಿನ ನೀರುಗಂಟಿಯ ಮಗನಿಗಿಂತ ಇದಕ್ಕೆ ತಕ್ಕವನು ಇನ್ನೊಬ್ಬನಿರಲಾರನು.

ಇದನ್ನು ಆ ವೃದ್ಧರಿಗೆ ಹೇಳೋಣವೆಂದು ನಾವು ಬಾಯಿ ತೆರೆಯುವಷ್ಟರಲ್ಲಿ ಅವರನ್ನು ಯಾರೋ ಕೂಗಿದರು. ಟೆಂಪೋ ಹೊರಡುವುದರಲ್ಲಿತ್ತು. ಅವರು ಹೆಗಲ ಮೇಲಿನ ಟವಲನ್ನು ಕೊಡವಿ ಎದ್ದು, ಡ್ರೈವರನ ಮಗ್ಗುಲಲ್ಲಿ ಹತ್ತಿ ಕುಳಿತರು. ಹೊಸದಾಗಿ ಕೊಂಡ ಜೋಡಿ ಎತ್ತುಗಳು ಹಿಂದೆ ನಿಂತು, ದೂರವಾಗುತ್ತಿದ್ದ ಜಾತ್ರೆಯನ್ನು ನೋಡುತ್ತಿದ್ದುವು.