ಸ್ವಯಂನಿರ್ಮಿತ ಮೋಟಾರಿನ ಮೇಲ್ತೊಟ್ಟಿ

ನಾಡಪ್ರಭುಗಳಿಂದ ಚರಿತ್ರೆಯಲ್ಲಿ ಹೆಸರಾದ ಆವತಿಯಿಂದ ನಂದಿಬೆಟ್ಟಕ್ಕೆ ಹೊರಟ ಮೋಟಾರು ಗಾಡಿಗೆ ನೀರೇ ಪ್ರಾಣವಾಯು. ಹೆದ್ದಾರಿಯಲ್ಲಿ ತಣ್ಣಗೆ ಓಡಿದ ಗಾಡಿಯು ಬೆಟ್ಟದ ತಿರುವುಗಳಲ್ಲಿ ಕೆಳಗೇರಿನಲ್ಲಿ ಏದುತ್ತ ಸಾಗುವಾಗ ಕಾವು ಹೆಚ್ಚುತ್ತದೆ, ಎದುರುಗಾಳಿ ಕುಗ್ಗುತ್ತದೆ. ಸಮುದ್ರಮಟ್ಟದಲ್ಲಿ 100 ಡಿಗ್ರಿಯಲ್ಲಿ ಕುದಿಯುವ ನೀರು, ಸುಮಾರು 900 ಮೀಟರು ಎತ್ತರದ ಆವತಿಯ ಸೀಮೆಯಲ್ಲಿ 97ರಲ್ಲಿಯೂ, 1,478 ಮೀಟರು ಎತ್ತರದ ನಂದಿಯಲ್ಲಿ 95ರಲ್ಲಿಯೂ ಕುದಿಯುತ್ತದೆ. ಕಾರ್ಖಾನೆಯ ಗಾಡಿಗೆ ಈ ಲೆಕ್ಕವನ್ನು ಬೇರೆಯವರು ಹಾಕಿಟ್ಟಿರುತ್ತಾರೆ. ಗಾಡಿಯನ್ನು ತಾನೇ ಕಟ್ಟಿಕೊಂಡವನು ತಾನೇ ಹಾಕಬೇಕು.

1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಗಾಡಿಗಳಲ್ಲಿ, ಮೊದಲ ಕೆಲವನ್ನು ಬಿಟ್ಟರೆ, ನೀರಿನ ಪಂಪೇ ಇರಲಿಲ್ಲ. ಎತ್ತರವಾದ ರೇಡಿಯೇಟರಿನ ತಲೆಭಾಗವೇ ಗಾಳಿ ಸೇರುವ ತೊಟ್ಟಿಯಾಗಿತ್ತು. ಮನೆಯಲ್ಲಿ ಕಟ್ಟಿದ ತಗ್ಗು ಬಾನೆಟ್ಟಿನ ಗಾಡಿಯಲ್ಲಾದರೋ ರೇಡಿಯೇಟರು ಎಂಜಿನ್ನಿನ ತಲೆಗಿಂತ ಕೆಳಗುಳಿಯುತ್ತದೆ. ಆದಕಾರಣ ಹೆಡರ್ ಟ್ಯಾಂಕು, ಎಂದರೆ ಮೇಲ್ತೊಟ್ಟಿ, ಪ್ರತ್ಯೇಕವಾಗಿ ಬೇಕಾಗುತ್ತದೆ. 20ರಿಂದ 100 ಡಿಗ್ರಿಗೆ ಕಾದ ನೀರು ನೂರಕ್ಕೆ ನಾಲ್ಕು ಪಾಲು ಹಿಗ್ಗುತ್ತದೆ. ಎಂಟು ಲೀಟರಿಗೆ ಸುಮಾರು ಮೂರನೆಯ ಒಂದು ಲೀಟರು. ಒಂದೂವರೆ ಲೀಟರಿನ ತೊಟ್ಟಿಯನ್ನು ಅರ್ಧ ತುಂಬಿಟ್ಟರೆ ಸಾಕು.

ತೊಟ್ಟಿಯ ತಳದಿಂದ ಮುಕ್ಕಾಲು ಅಂಗುಲದ ಕೊಳವೆಯೊಂದು ಪಂಪಿನ ಹೀರುವ ಬಾಯಿಗೆ ಸೇರಬೇಕು. ಅಲ್ಲಿ ಒತ್ತಡ ಕುಸಿದರೆ ನೀರು ಆವಿಯ ಗುಳ್ಳೆಗಳಾಗಿ ಒಡೆದು, ಪಂಪು ತಿರುಗಿದರೂ ನೀರು ಸಾಗದು. ಎಂಜಿನ್ನಿನ ತಲೆಯಿಂದಲೂ ರೇಡಿಯೇಟರಿನ ನೆತ್ತಿಯಿಂದಲೂ ಕಾಲಂಗುಲದ ಗಾಳಿಕೊಳವೆಗಳು ಎಲ್ಲಿಯೂ ತಗ್ಗದೆ ಏರುತ್ತ ತೊಟ್ಟಿಗೆ ಬರಬೇಕು. ಇವು ದಪ್ಪವಾದರೆ ಬಿಸಿನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿ ಹಿಡಿಯುತ್ತದೆ.

ಇನ್ನು ಎತ್ತರದ ಪ್ರಶ್ನೆ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ ಅಳೆದು ತೃಪ್ತಿಪಡುವುದು ಸರಿಯಲ್ಲ. ತೊಟ್ಟಿಯು ಎಂಜಿನ್ನಿನ ಹಿಂದಿನ ತಡೆಗೋಡೆಯ ಮೇಲೆ, ರೇಡಿಯೇಟರಿನಿಂದ 120 ಸೆಂಟಿಮೀಟರು ಹಿಂದೆ, ಅದಕ್ಕಿಂತ 10 ಸೆಂಟಿಮೀಟರು ಮೇಲೆ ಇದೆಯೆನ್ನಿ. ಹತ್ತಕ್ಕೆ ಒಂದರ ಏರಿನಲ್ಲಿ ಮೂತಿಯು 12 ಸೆಂಟಿಮೀಟರು ಮೇಲೇಳುತ್ತದೆ. ತೊಟ್ಟಿಯು 2 ಸೆಂಟಿಮೀಟರು ಕೆಳಗಾಯಿತು! ಪಂಪು ಓಡುತ್ತಿರುವಷ್ಟು ಹೊತ್ತು ದೋಷ ಕಾಣದಿರಬಹುದು. ಏರಿನಲ್ಲಿ ಎಂಜಿನ್ನನ್ನು ನಿಲ್ಲಿಸಿದೊಡನೆ ನೀರು ತನ್ನ ಮಟ್ಟವನ್ನು ಹುಡುಕಿ ತೊಟ್ಟಿಗಿಳಿಯುತ್ತದೆ, ಗಾಳಿಯು ರೇಡಿಯೇಟರಿನ ನೆತ್ತಿಗೇರುತ್ತದೆ. ಮತ್ತೆ ಹೊರಟಾಗ ಆ ಗಾಳಿಯು ಎಂಜಿನ್ನಿನೊಳಗೆ ಸಿಕ್ಕಿದರೆ ಅಲ್ಯುಮಿನಿಯಮ್ಮಿನ ತಲೆಯು ಸೊಟ್ಟಗಾದೀತು. ತೊಟ್ಟಿಯನ್ನು ಮುಂದಕ್ಕೆ ತರುವುದೇ ಲೇಸು. ಬಾನೆಟ್ಟಿನಲ್ಲಿ ಸ್ಥಳವಿಲ್ಲದಿದ್ದರೆ ಸಣ್ಣ ಉಬ್ಬನ್ನು ಮಾಡಿಸಬೇಕು. ಅಂದಕ್ಕಾಗಿ ಎಂಜಿನ್ನನ್ನು ಬಲಿಕೊಡುವವರೂ ಉಂಟು.

ಚದರ ಅಂಗುಲಕ್ಕೆ 15 ಪೌಂಡಿನ ಒತ್ತಡದ ಮುಚ್ಚಳವು ನಂದಿಯ ಮೇಲೂ ಕುದಿಯುವ ಬಿಂದುವನ್ನು 115 ಡಿಗ್ರಿಗಿಂತ ಮೇಲಕ್ಕೆ ಒಯ್ಯುತ್ತದೆ. ಇದು ತೊಟ್ಟಿಯ ಮೇಲಿರಲಿ. ರೇಡಿಯೇಟರಿನ ಬಾಯಿಗೆ ಬಿಡುಗಡೆಯಿಲ್ಲದ ಬರಿಯ ಮುಚ್ಚಳ ಸಾಕು. ಬಿಸಿಯಿದ್ದಾಗ ತೆರೆದರೆ ನೀರು ಸಿಡಿದು ಮುಖವನ್ನು ಸುಡುವುದು.

ತೊಟ್ಟಿ ಹಿಂದಿರುವ ಗಾಡಿಗೆ ನೀರು ತುಂಬುವಾಗ ಮೂತಿಯನ್ನು ಇಳಿಜಾರಿನ ಕಡೆಗೆ ನಿಲ್ಲಿಸಿ, ನಿಧಾನವಾಗಿ ಹೊಯ್ಯಬೇಕು. ಬಳಿಕ ಎಂಜಿನ್ನನ್ನು ಓಡಿಸಿ, ತಣಿಸಿ, ಮಟ್ಟ ಇಳಿದಷ್ಟನ್ನು ಮತ್ತೆ ಸೇರಿಸಬೇಕು.